ಸರೊಗೇಟ್ ಮಾಡೆಲ್ ಹೊರತರಲು ಎಫ್‌ಎಂಯು ಬೇಕಾ, ಓಎನ್‌ಎನ್‌ಎಕ್ಸ್ ಬೇಕಾ?

ನಿಧಾನದ ಸಿಮ್ಯುಲೇಶನ್ ಬದಲು ಬೇಗ ಅಂದಾಜು ಉತ್ತರ ಕೊಡುವ ಮಾಡೆಲ್ಲೇ ಸರೊಗೇಟ್. ಅದನ್ನು ಬೇರೆ ಕಡೆ ಬಳಸಲು ಉಳಿಸಿಕೊಳ್ಳುವ ಎರಡು ಬಗೆಯ ಫೈಲ್‌ಗಳೇ ಎಫ್‌ಎಂಯು, ಓಎನ್‌ಎನ್‌ಎಕ್ಸ್. ಮೊದಲೇ ಹೇಳಿಬಿಡುತ್ತೇನೆ, ನಾನು ಓಎನ್‌ಎನ್‌ಎಕ್ಸ್ ಕಡೆಯವನು. ನನ್ನ ಕೆಲಸವೆಲ್ಲ ಪೈಥಾನ್‌ನಲ್ಲಿ, ಅದೂ ಲಿನಕ್ಸ್ ಮೇಲೆ. ನಿಮ್ಮದು ಬೇರೆ ಇದ್ದರೆ ತೀರ್ಪೂ ಬೇರೆ ಆಗಬಹುದು.

ಬ್ಯಾಟರಿ ತಣಿಸುವ ಕೋಲ್ಡ್ ಪ್ಲೇಟ್‌ಗೆ ಒಂದೊಂದು ಸಿಎಫ್‌ಡಿ (ದ್ರವದ ಹರಿವಿನ ಕಂಪ್ಯೂಟರ್ ಲೆಕ್ಕ) ರನ್ ಗಂಟೆಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಸಿಮ್ಯುಲೇಶನ್ ಸಾಫ್ಟ್‌ವೇರ್ ಒಳಗೇ ಒಂದು ಚಿಕ್ಕ ನ್ಯೂರಲ್ ನೆಟ್‌ವರ್ಕ್ ಟ್ರೇನ್ ಮಾಡಿದೆವು. ಅದನ್ನು ಹೊರಗಿನ ಆಪ್ಟಿಮೈಸೇಶನ್ ಸ್ಕ್ರಿಪ್ಟ್‌ಗೆ ತರಬೇಕಿತ್ತು. ಐದು ಇನ್‌ಪುಟ್, ಎರಡು ಔಟ್‌ಪುಟ್: ಗರಿಷ್ಠ ತಾಪಮಾನ ಮತ್ತು ಪ್ರೆಶರ್ ಡ್ರಾಪ್.

ಉತ್ತರಗಳನ್ನೆಲ್ಲ ಮೊದಲೇ ಲೆಕ್ಕಹಾಕಿ ಸಿಎಸ್‌ವಿ ಟೇಬಲ್ ಮಾಡಿಕೊಂಡರೆ ಸಾಲದಾ ಅಂತ ಕೇಳುವವರಿದ್ದಾರೆ. ಎರಡೇ ಇನ್‌ಪುಟ್ ಇದ್ದರೆ ಟೇಬಲ್ ಸಾಕು. ಐದು ಇನ್‌ಪುಟ್‌ಗೆ ತಲಾ 20 ಮೌಲ್ಯ ಹಿಡಿದರೂ 32 ಲಕ್ಷ ಸಾಲು!

ಎಫ್‌ಎಂಯು ಅಂದರೆ ಒಂದು ಜಿಪ್ ಫೈಲ್. ಅದರೊಳಗಿನ ಎಕ್ಸ್‌ಎಂಎಲ್‌ನಲ್ಲಿ ಪ್ರತಿ ವೇರಿಯಬಲ್‌ನ ಹೆಸರಿನ ಜೊತೆ ಯೂನಿಟ್, ಕನಿಷ್ಠ, ಗರಿಷ್ಠ ಎಲ್ಲ ಬರೆಯಲು ಜಾಗವಿದೆ. ಇದು ನಿಜಕ್ಕೂ ಚೆನ್ನಾಗಿದೆ. ಆದರೆ ಲೆಕ್ಕ ಮಾಡುವ ಭಾಗ ಕಂಪೈಲ್ ಆದ ಲೈಬ್ರರಿ, ಅಂದರೆ ವಿಂಡೋಸ್‌ಗೆ ಬೇರೆ, ಲಿನಕ್ಸ್‌ಗೆ ಬೇರೆ. ನಮಗೆ ಸಿಕ್ಕ ಫೈಲ್‌ನಲ್ಲಿ ವಿಂಡೋಸ್ ಡಿಎಲ್‌ಎಲ್ ಮಾತ್ರ ಇತ್ತು, ಸಿ ಸೋರ್ಸ್ ಇರಲಿಲ್ಲ. ಲಿನಕ್ಸ್ ಸರ್ವರ್‌ನಲ್ಲಿ ಎಫ್‌ಎಂಪೈ (ಎಫ್‌ಎಂಯು ಓಡಿಸುವ ಪೈಥಾನ್ ಲೈಬ್ರರಿ) ಅದನ್ನು ತೆರೆದು ವಿವರ ತೋರಿಸಿತು, ಓಡಿಸಲಿಲ್ಲ. ಅಲ್ಲಿಗೆ ಆ ಕಥೆ ಮುಗಿಯಿತು.

ಓಎನ್‌ಎನ್‌ಎಕ್ಸ್‌ನಲ್ಲಿ ಆ ತಾಪತ್ರಯ ಇಲ್ಲ. ಫೈಲ್‌ನಲ್ಲಿ ಲೆಕ್ಕದ ಗ್ರಾಫ್ (ಹೆಜ್ಜೆಗಳ ನಕ್ಷೆ) ಮತ್ತು ನೆಟ್‌ವರ್ಕ್ ಕಲಿತ ಅಂಕಿಗಳಾದ ತೂಕಗಳಷ್ಟೇ ಇರುತ್ತವೆ. ಓಡಿಸುವ ರನ್‌ಟೈಮ್ ಎಲ್ಲ ಕಡೆ ಸಿಗುತ್ತದೆ, ಉಚಿತ ಕೂಡ. ಸಾವಿರಾರು ಪಾಯಿಂಟ್‌ಗಳನ್ನು ಒಟ್ಟಿಗೆ ಕೊಡಬಹುದು, ಎಕ್ಸ್‌ಪೋರ್ಟ್ ಮಾಡುವಾಗ ಬ್ಯಾಚ್ ಸೈಜ್ (ಒಮ್ಮೆಗೆ ಕೊಡುವ ಪಾಯಿಂಟ್‌ಗಳ ಸಂಖ್ಯೆ) ಬಿಗಿಮಾಡದಿದ್ದರೆ ಆಯಿತು.

ಹಾಗಂತ ಕಾಟ ಇರಲಿಲ್ಲವೆಂದಲ್ಲ. ಮೊದಲ ಸಲ ಓಡಿಸಿದಾಗ ತಾಪಮಾನ 0.4ರ ಆಸುಪಾಸು ಬಂತು. ಕೆಲ್ವಿನ್ನೂ ಅಲ್ಲ, ಸೆಲ್ಸಿಯಸ್ಸೂ ಅಲ್ಲ! ನೆಟ್‌ವರ್ಕ್‌ಗೆ ಟ್ರೇನಿಂಗ್ ಕೊಡುವ ಮೊದಲು ಸಾಫ್ಟ್‌ವೇರ್ ಎಲ್ಲ ಅಂಕಿಗಳನ್ನೂ 0ರಿಂದ 1ರೊಳಗೆ ಇಳಿಸಿಕೊಳ್ಳುತ್ತದೆ. ಎಕ್ಸ್‌ಪೋರ್ಟ್‌ನಲ್ಲಿ ನೆಟ್‌ವರ್ಕ್ ಬಂತು, ಆ ಇಳಿಸುವ-ಏರಿಸುವ ಲೆಕ್ಕ ಸಾಫ್ಟ್‌ವೇರ್ ಒಳಗೇ ಉಳಿಯಿತು. ಮೆನುವಿನಲ್ಲಿ ಅದರ ಬಗ್ಗೆ ಒಂದು ಮಾತೂ ಇಲ್ಲ.

ಇದಕ್ಕಿಂತ ಅಪಾಯ ಏನು ಗೊತ್ತಾ? 0.4 ಬಂದರೆ ತಪ್ಪು ಕಣ್ಣಿಗೆ ಬೀಳುತ್ತದೆ. ಔಟ್‌ಪುಟ್ ಮಾತ್ರ ಸರಿಮಾಡಿ ಇನ್‌ಪುಟ್ ಬಿಟ್ಟರೆ ನಂಬುವಂಥ ಸುಳ್ಳು ಉತ್ತರ ಬರಬಹುದು. ಸ್ಕ್ರಿಪ್ಟ್‌ನಲ್ಲಿ ತಿದ್ದಿಕೊಳ್ಳೋಣ ಅನ್ನಬೇಡಿ, ಮುಂದೆ ಆ ಫೈಲ್ ಬಳಸುವವರಿಗೆ ಆ ಸ್ಕ್ರಿಪ್ಟ್ ಸಿಗುವುದಿಲ್ಲ. ಗ್ರಾಫ್‌ನ ತಲೆಗೂ ಬಾಲಕ್ಕೂ ಗುಣಿಸುವ, ಕೂಡುವ ನೋಡ್‌ಗಳನ್ನೇ ಸೇರಿಸಿ. ಟ್ರೇನಿಂಗ್‌ನ ಕನಿಷ್ಠ-ಗರಿಷ್ಠವನ್ನು ಮೆಟಾಡೇಟಾದಲ್ಲಿ ಬರೆಯಿರಿ. ಆಮೇಲೆ ಸಾಫ್ಟ್‌ವೇರ್‌ನ ಉತ್ತರದ ಜೊತೆ ಒಂದಷ್ಟು ಪಾಯಿಂಟ್ ತಾಳೆ ನೋಡಿ. ನಮ್ಮದು ಫ್ಲೋಟ್32 (32 ಬಿಟ್‌ನ ದಶಮಾಂಶ ಸಂಖ್ಯೆ) ಆದ್ದರಿಂದ ಕೊನೆಯ ಅಂಕಿಗಳಲ್ಲಿ ಸ್ವಲ್ಪ ವ್ಯತ್ಯಾಸ ಬಂತು, ಡಿಗ್ರಿ ಲೆಕ್ಕಕ್ಕೆ ಅದು ಏನೇನೂ ಅಲ್ಲ.

ಸಿಮ್ಯುಲಿಂಕ್ ಅಥವಾ ಮಾಡೆಲಿಕಾದಲ್ಲಿ ಇಡೀ ಗಾಡಿಯ ಮಾಡೆಲ್ ಕಟ್ಟುವವರು ಎಫ್‌ಎಂಯು ತಗೊಳ್ಳಿ. ಲಿನಕ್ಸ್ ಬೈನರಿ ಬರುತ್ತದಾ ಅಂತ ಲೈಸೆನ್ಸ್‌ಗೆ ದುಡ್ಡು ಕೊಡುವ ಮೊದಲೇ ಕೇಳಿ.