ವರ್ಡ್‌ಪ್ರೆಸ್ಸಾ, ವಿಕ್ಸಾ, ಬರೀ ಎಚ್‌ಟಿಎಂಎಲ್ಲಾ?

ಮೊದಲ ಗಿರಾಕಿಗೆ ಯಾವುದರಲ್ಲಿ ವೆಬ್‌ಸೈಟ್ ಮಾಡಲಿ ಅಂತ ಕೇಳಿದ್ದೀರಿ. ಸೈಟ್ ಕಟ್ಟುವ ಸಾಫ್ಟ್‌ವೇರ್ ಆದ ವರ್ಡ್‌ಪ್ರೆಸ್ 2003ರಿಂದಲೂ ಪುಕ್ಕಟೆ, ಆದರೆ ಹೋಸ್ಟಿಂಗ್ (ಸೈಟ್ ಇಡುವ ಜಾಗ), ಡೊಮೈನ್‌ಗೆ (ಸೈಟಿನ ಹೆಸರು) ಪ್ರತಿ ವರ್ಷ ದುಡ್ಡು ಕಟ್ಟಬೇಕು. ವಿಕ್ಸ್ ಅನ್ನೋದು ಸೈಟ್ ಕಟ್ಟಿ ತನ್ನಲ್ಲೇ ಇಟ್ಟುಕೊಳ್ಳುವ ಆನ್‌ಲೈನ್ ಸೇವೆ, ಬಾಡಿಗೆ ಮನೆ ಇದ್ದಂತೆ. ಎಚ್‌ಟಿಎಂಎಲ್ ಅಂದರೆ ವೆಬ್ ಪುಟ ಬರೆಯುವ ಕೋಡ್, ಆ ಪುಟಗಳನ್ನು ಗಿಟ್‌ಹಬ್ ಪೇಜಸ್ ಅನ್ನೋ ಹೋಸ್ಟಿಂಗ್ ಸೇವೆಯಲ್ಲಿ ಪುಕ್ಕಟೆ ಇಡಬಹುದು.

ತಲೆನೋವು ಶುರುವಾಗುವುದು ಆಮೇಲೆ. ಒಂದು ಹೋಮ್‌ಸ್ಟೇಯ ವರ್ಡ್‌ಪ್ರೆಸ್ ಸೈಟಿನ ಪ್ಲಗಿನ್‌ಗಳನ್ನು (ಹೆಚ್ಚುವರಿ ಸೌಲಭ್ಯ ಸೇರಿಸುವ ಚಿಕ್ಕ ಸಾಫ್ಟ್‌ವೇರ್) ನಾನು ಎಂಟು ತಿಂಗಳು ಅಪ್‌ಡೇಟ್ ಮಾಡದೆ ಬಿಟ್ಟಿದ್ದೆ, ಗ್ರಾಹಕರು ತುಂಬುವ ಫಾರ್ಮ್ ಕೆಟ್ಟು ಎರಡು ವಾರ ಒಂದು ವಿಚಾರಣೆಯೂ ಬರಲಿಲ್ಲ, ಓನರ್ ಹತ್ತಿರ ಬೈಸಿಕೊಂಡೆ. ವಿಕ್ಸ್‌ನಲ್ಲಿ ಈ ಕಾಟ ಇಲ್ಲ, ಆದರೆ ಬಿಟ್ಟು ಹೊರಟರೆ ಸೈಟನ್ನು ಎತ್ತಿಕೊಂಡು ಹೋಗೋಕೆ ಆಗಲ್ಲ, ಹೊಸದಾಗಿಯೇ ಕಟ್ಟಬೇಕು. ಎಚ್‌ಟಿಎಂಎಲ್ ಕೆಡುವುದು ಕಡಿಮೆ, ಆದರೆ ಕೋಡ್ ತಿದ್ದೋಕೆ ಓನರ್‌ಗೆ ಬರಲ್ಲ, ರೂಮಿನ ರೇಟು ₹2,500 ಇದ್ದದ್ದು ₹2,800 ಆದರೂ ಫೋನ್ ನಿಮಗೇ ಬರುತ್ತೆ!

ವಾರವಾರ ಬರೆಯುವವರಿಗೆ ವರ್ಡ್‌ಪ್ರೆಸ್. ತಾವೇ ನೋಡಿಕೊಳ್ಳುವ ಅಂಗಡಿಯವರಿಗೆ ವಿಕ್ಸ್. ಬೇಕರಿಯ ಮೆನು, ವಿಳಾಸ, ಫೋನ್ ನಂಬರ್ ಅಷ್ಟೇ ಅಲ್ವಾ? ಎಚ್‌ಟಿಎಂಎಲ್ ಸಾಕು.