ಸಿಮ್ ತೆಗೆದ ಹಳೇ ಫೋನನ್ನು ಮಗುವಿಗೆ ಕೊಡುವ ಮುಂಚೆ ಇದನ್ನು ಓದಿ

ಧಾರವಾಡದ ಒಂದು ಮನೆ. ಅಪ್ಪ ಹೊಸ ಫೋನ್ ಕೊಂಡು, ಹಳೆಯ 32 ಜಿಬಿ ಆಂಡ್ರಾಯ್ಡ್ ಫೋನನ್ನು ಒಂಬತ್ತು ವರ್ಷದ ಮಗನಿಗೆ ಕೊಟ್ಟರು. "ಸಿಮ್ ತಗದೇನಲ್ಲ, ಇನ್ನೇನ್ ಆಕ್ಕೈತಿ? ಮನ್ಯಾಗ ವೈಫೈ ಐತಿ, ಆಡ್ಕೋಂತ ಕುಂದ್ರಲಿ" ಎಂಬ ಲೆಕ್ಕ. ಸಿಮ್ ಹೊರಬಂತು, ಆದರೆ ಅಪ್ಪನ ಗೂಗಲ್ ಅಕೌಂಟ್ ಒಳಗೇ ಉಳಿಯಿತು.

ಹುಡುಗ ಹೊಸ ಗೇಮ್ ಹಾಕಲು ಹೋದಾಗ ಸ್ಟೋರೇಜ್ ತುಂಬಿದೆ ಎಂದು ಬಂತು. ಅವನು ಗೂಗಲ್ ಫೋಟೋಸ್ ತೆರೆದು ನೂರುಗಟ್ಟಲೆ ಫೋಟೋ ಆರಿಸಿ ಅಳಿಸಿದ. ಜಾಗ ಸಾಲಲಿಲ್ಲ ಎಂದು ಅಳಿಸಿದ್ದು ಹೋಗಿ ಬೀಳುವ ಬಿನ್ ಕೂಡ ಖಾಲಿ ಮಾಡಿದ. ಅಷ್ಟರಲ್ಲಿ ಅಪ್ಪನ ಹೊಸ ಫೋನಿನಿಂದಲೂ ಅವು ಮಾಯ. ಅಕ್ಕನ ಕುಬಸದ ಫೋಟೋ, ತೀರಿಹೋದ ಅಜ್ಜಿಯ ವಿಡಿಯೋ ಯಾವುದೂ ಮರಳಿ ಸಿಗಲಿಲ್ಲ. ಹುಡುಗನ ತಪ್ಪೇನೂ ಇಲ್ಲ. ಅವನಿಗೆ ಅದು ತನ್ನ ಫೋನು.

ಹೀಗೇಕಾಯಿತು? ಬ್ಯಾಕಪ್ ಆದ ಫೋಟೋಗಳು ಇರುವುದು ಫೋನಿನಲ್ಲಲ್ಲ, ಅಕೌಂಟಿನಲ್ಲಿ. ಒಂದೇ ಅಕೌಂಟ್ ಎರಡು ಫೋನಿನಲ್ಲಿದ್ದರೆ ಹೊಸ ಫೋನಿನಲ್ಲಿ ತೆಗೆದದ್ದೂ ಹಳೆಯದರಲ್ಲಿ ಕಾಣುತ್ತದೆ, ಅಲ್ಲಿಂದಲೇ ಅಳಿಯುತ್ತದೆ. ಹೊಸ ಫೋನಿನಲ್ಲಿ ಅಪ್ಪ 'ಫ್ರೀ ಅಪ್ ಸ್ಪೇಸ್' ಒತ್ತಿದ್ದರಿಂದ ಫೋನಿನ ಪ್ರತಿಗಳು ಮೊದಲೇ ಹೋಗಿ ಕ್ಲೌಡ್‌ನ, ಅಂದರೆ ಅಕೌಂಟಿನ, ಪ್ರತಿಗಳಷ್ಟೇ ಉಳಿದಿದ್ದವು. ಆ ಬಟನ್ ತಾನಾಗಿ ಕೆಟ್ಟದ್ದಲ್ಲ, ಕ್ಲೌಡ್ ಪ್ರತಿಯನ್ನು ಮುಟ್ಟುವುದೂ ಇಲ್ಲ. ಆದರೆ ಅದಾದ ಮೇಲೆ ಉಳಿಯುವುದು ಒಂದೇ ಪ್ರತಿ. ಫೋನಿನ ನಂಬರುಗಳ ಪಟ್ಟಿಯೂ ಹೀಗೆಯೇ: ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ.

ಇನ್ನೂ ಕೆಟ್ಟದ್ದೊಂದಿದೆ, ಇದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಅಪ್ಪನ ಅಕೌಂಟಿಗೆ ಯಾರಾದರೂ ಬೇರೆ ಕಡೆಯಿಂದ ಲಾಗಿನ್ ಆಗಲು ನೋಡಿದರೆ "ಇದು ನೀವೇನಾ?" ಎಂಬ ಗೂಗಲ್ ಪ್ರಶ್ನೆ ಈ ಹಳೇ ಫೋನಿಗೂ ಬರಬಹುದು. ಆಟದ ನಡುವೆ ಅಡ್ಡ ಬಂದ ಪರದೆಯನ್ನು ಮಗು 'ಎಸ್' ಒತ್ತಿ ಸರಿಸುತ್ತದೆ. ಬಾಗಿಲು ತೆರೆದಂತಾಯಿತು. ಕ್ರೋಮ್‌ನಲ್ಲಿ ಉಳಿಸಿದ ಪಾಸ್‌ವರ್ಡುಗಳೂ ಅದೇ ಅಕೌಂಟಿನಲ್ಲೇ ಇರುತ್ತವೆ. ಯುಪಿಐ ಆ್ಯಪ್ ಸಿಮ್ ಇಲ್ಲದೆ ಸಾಮಾನ್ಯವಾಗಿ ನಡೆಯದು, ಆ ಭಯ ಕಡಿಮೆ. ಆದರೆ ಪ್ಲೇ ಸ್ಟೋರ್‌ನಲ್ಲಿ ಗಿಫ್ಟ್ ಕಾರ್ಡಿನ ಬ್ಯಾಲೆನ್ಸ್ ಇದ್ದರೆ ಅದು ಒಟಿಪಿ ಇಲ್ಲದೆಯೇ ಖರ್ಚಾಗಬಲ್ಲದು.

ಸರಿಯಾದ ಕ್ರಮಕ್ಕೆ ಒಂದು ಗಂಟೆ ಸಾಕು, ಆದರೆ ಹಿಂದುಮುಂದು ಮಾಡಬೇಡಿ. ಮೊದಲು ಹೊಸ ಫೋನಿನಲ್ಲಿ ಫೋಟೋ, ನಂಬರು, ವಾಟ್ಸಾಪ್ ಎಲ್ಲ ಬಂದಿವೆಯೇ ಎಂದು ಕಣ್ಣಾರೆ ನೋಡಿ. ಲಾಗಿನ್ ಕೋಡು ತೋರಿಸುವ ಆಥೆಂಟಿಕೇಟರ್ ಆ್ಯಪ್ ಬಳಸುತ್ತಿದ್ದರೆ ಅದರ ಕೋಡುಗಳನ್ನು ಈಗಲೇ ವರ್ಗಾಯಿಸಿ, ರೀಸೆಟ್ ಆದ ಮೇಲೆ ಒದ್ದಾಡಬೇಕಾಗುತ್ತದೆ. ಮೆಮೊರಿ ಕಾರ್ಡ್ ಹೊರಗೆ ತೆಗೆಯಿರಿ. ಆಮೇಲೆ ಹಳೇ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಅಕೌಂಟನ್ನು 'ರಿಮೂವ್' ಮಾಡಿ. ಅದರ ನಂತರವೇ ಸೆಟ್ಟಿಂಗ್ಸ್‌ನೊಳಗಿಂದ ಫ್ಯಾಕ್ಟರಿ ರೀಸೆಟ್. ಅಕೌಂಟ್ ತೆಗೆಯದೆ ಪವರ್-ವಾಲ್ಯೂಮ್ ಬಟನ್ ಒತ್ತಿ ರೀಸೆಟ್ ಮಾಡಿದರೆ ಫೋನ್ ಹಳೇ ಅಕೌಂಟನ್ನೇ ಕೇಳುತ್ತ ನಿಲ್ಲುತ್ತದೆ. ಆಂಡ್ರಾಯ್ಡ್ 5.1ರಿಂದ ಬಂದ ಕಳ್ಳತನ ತಡೆಯುವ ಬೀಗ ಅದು. ಪಾಸ್‌ವರ್ಡ್ ಮರೆತಿದ್ದರೆ ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆಯಬೇಕಾದೀತು. ಕೊನೆಗೆ ಹೊಸ ಫೋನಿನಲ್ಲಿ ಗೂಗಲ್ ಅಕೌಂಟ್, ಸೆಕ್ಯೂರಿಟಿ, 'ಯುವರ್ ಡಿವೈಸಸ್' ತೆರೆದು ಹಳೇ ಫೋನಿನ ಹೆಸರು ಇನ್ನೂ ಇದ್ದರೆ ಸೈನ್ ಔಟ್ ಮಾಡಿ.

ಈಗ ಮಗುವಿನ ಹೆಸರಿನಲ್ಲಿ ಬೇರೆ ಅಕೌಂಟ್, ಮಕ್ಕಳ ಫೋನಿನ ಮೇಲೆ ಹಿಡಿತ ಇಡಲು ಗೂಗಲ್ ಕೊಡುವ ಫ್ಯಾಮಿಲಿ ಲಿಂಕ್ ಆ್ಯಪ್ ಮೂಲಕ. ಮಗುವಿನ ಫೋನಿನಲ್ಲಿ ಆಂಡ್ರಾಯ್ಡ್ 7 ಅಥವಾ ಮೇಲಿನದು ಬೇಕು. ಹುಟ್ಟಿದ ದಿನಾಂಕವನ್ನು ನಿಜವಾದದ್ದೇ ಹಾಕಿ. ಬೇಗ ಮುಗಿಯಲಿ ಎಂದು ದೊಡ್ಡವರ ವಯಸ್ಸು ಕೊಟ್ಟರೆ ಮಕ್ಕಳಿಗೆಂದು ಇರುವ ಯಾವ ತಡೆಯೂ ತಾನಾಗಿ ಬರುವುದಿಲ್ಲ. ಆ್ಯಪ್ ಹಾಕಲು, ಖರೀದಿಸಲು ನಿಮ್ಮ ಒಪ್ಪಿಗೆ ಬೇಕೆಂದು ಇಡಿ.

ಮನೆಯ ವೈಫೈ ರೂಟರಿನಲ್ಲಿ ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ಜಾಗದಲ್ಲಿ 1.1.1.3 ಮತ್ತು 1.0.0.3 ಹಾಕಿದರೆ ಅಶ್ಲೀಲ ತಾಣಗಳು, ವೈರಸ್ ಹರಡುವ ತಾಣಗಳು ಬಹುಮಟ್ಟಿಗೆ ನಿಲ್ಲುತ್ತವೆ. ಕ್ಲೌಡ್‌ಫ್ಲೇರ್ ಕೊಡುವ ಉಚಿತ ಸೇವೆ ಇದು. ಆದರೆ ಪಕ್ಕದ ಮನೆಯ ಹುಡುಗನ ಹಾಟ್‌ಸ್ಪಾಟಿಗೆ ಸೇರಿಕೊಂಡ ಕ್ಷಣ ಈ ಬೇಲಿ ಇಲ್ಲ.

ಸಿಮ್ ಇಲ್ಲದ ಫೋನನ್ನು ಕಾವಲಿಗೆ ನಂಬಬೇಡಿ. ಮಗು ಟ್ಯೂಷನ್ನಿಗೆ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೊರಟರೆ ದಾರಿಯಲ್ಲಿ ಇಂಟರ್‌ನೆಟ್ ಇಲ್ಲ. ಫೋನಿನ ಜಿಪಿಎಸ್‌ಗೆ ತಾನೆಲ್ಲಿದೆ ಎಂದು ಗೊತ್ತಿದ್ದರೂ ನಿಮಗೆ ಹೇಳಲು ದಾರಿ ಇಲ್ಲ. ನೀವು ಮನೆಯಿಂದ ಲಾಕ್ ಒತ್ತಿದರೂ ವೈಫೈ ಸಿಗುವವರೆಗೆ ಅದು ಮುಟ್ಟುವುದಿಲ್ಲ. ತುರ್ತು ಸಹಾಯದ 112ಕ್ಕೆ ಕರೆ ಹೋದೀತು ಎಂಬ ಭರವಸೆಯನ್ನೂ ಇಟ್ಟುಕೊಳ್ಳಬೇಡಿ. ಅಪ್ಪ-ಅವ್ವನ ನಂಬರು ಮಗುವಿಗೆ ಬಾಯಿಪಾಠ ಇರಲಿ.

ಬ್ಯಾಟರಿ ನೋಡದೆ ಮಾತ್ರ ಕೊಡಲೇಬೇಡಿ. ನಾಲ್ಕೈದು ವರ್ಷದ ಲಿಥಿಯಂ ಬ್ಯಾಟರಿಯ ಒಳಗೆ ಅನಿಲ ಹುಟ್ಟಿ ಉಬ್ಬುವುದುಂಟು. ಪರದೆಯ ಅಂಚು ಎದ್ದಿದ್ದರೆ, ಹಿಂಬದಿ ಚಪ್ಪಟೆ ಇರುವ ಫೋನನ್ನು ಮೇಜಿನ ಮೇಲೆ ಇಟ್ಟಾಗ ಅದು ಬುಗುರಿಯಂತೆ ತಿರುಗಿದರೆ ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ, ಸರ್ವಿಸ್ ಸೆಂಟರಿಗೆ ಒಯ್ಯಿರಿ. ಬ್ಯಾಟರಿ ಚೆನ್ನಾಗಿದ್ದರೂ ಕೌದಿಯೊಳಗೆ ಇಟ್ಟು ಚಾರ್ಜ್ ಮಾಡುವುದು, ಚಾರ್ಜಿಗೆ ಹಾಕಿಯೇ ಗೇಮ್ ಆಡುವುದು ಬೇಡ. 45 ಡಿಗ್ರಿಗಿಂತ ಬಿಸಿಯಾದ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು. ನಮ್ಮ ಏಪ್ರಿಲ್-ಮೇ ಬಿಸಿಲಿಗೆ, ಕೌದಿ ಹೊದ್ದ ಫೋನು ಅಲ್ಲಿಗೆ ಮುಟ್ಟಲು ಹೆಚ್ಚು ಹೊತ್ತು ಬೇಡ.

ಐಫೋನ್ ಆದರೂ ಅಕೌಂಟಿನ ಮಾತು ಇದೇ: ಐಕ್ಲೌಡ್‌ನಿಂದ ಸೈನ್ ಔಟ್ ಆಗಿ, ಆಮೇಲೆ ಎಲ್ಲ ಅಳಿಸಿ, ಫ್ಯಾಮಿಲಿ ಶೇರಿಂಗ್‌ನಲ್ಲಿ ಮಗುವಿಗೆ ಬೇರೆ ಅಕೌಂಟ್.

ಈಗಾಗಲೇ ನಿಮ್ಮ ಅಕೌಂಟ್ ಸಮೇತ ಫೋನ್ ಮಗುವಿನ ಕೈಯಲ್ಲಿದ್ದರೆ ಇವತ್ತೇ ಗೂಗಲ್ ಫೋಟೋಸ್‌ನ ಬಿನ್ ತೆರೆದು ನೋಡಿ. ಬ್ಯಾಕಪ್ ಆದ ಫೋಟೋ ಅಳಿಸಿದ ಮೇಲೆ ಅಲ್ಲಿ 60 ದಿನ ಇರುತ್ತದೆ, ಬ್ಯಾಕಪ್ ಆಗದ್ದು 30 ದಿನ. ನಂಬರುಗಳು ಹೋಗಿದ್ದರೆ ಕಂಪ್ಯೂಟರಿನಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್ ತೆರೆದು 'ಅನ್‌ಡೂ ಚೇಂಜಸ್' ಒತ್ತಿ, 30 ದಿನದ ಹಿಂದಿನವರೆಗೆ ಪಟ್ಟಿ ಮರಳಿ ಬರುತ್ತದೆ. ಮೋಸದಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.