ಕೈಹೆಣಿಗೆಯ ಸ್ವೆಟರ್: ಕುಣಿಕೆಗಳಲ್ಲಿ ಕಾಣುವ ಶ್ರದ್ಧೆ

ಹೆಣಿಗೆ ವಿನ್ಯಾಸಕಿಯೊಬ್ಬರಿಂದ ಹೇಳಿ ಮಾಡಿಸಿಕೊಂಡ ಉಣ್ಣೆಯ ಸ್ವೆಟರನ್ನು ಒಂದು ಚಳಿಗಾಲವಿಡೀ ಧರಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಅಳತೆ ತೆಗೆದುಕೊಂಡ ಕೂಡಲೇ ಅವರು ಕೆಲಸ ಆರಂಭಿಸಲಿಲ್ಲ. ಉಣ್ಣೆ ನೀರು ಕಂಡ ಮೇಲೆ ಹಿಗ್ಗುವುದೂ ಕುಗ್ಗುವುದೂ ಉಂಟಾದ್ದರಿಂದ, ಅದೇ ನೂಲಿನಲ್ಲಿ ಮಾದರಿ ತುಂಡೊಂದನ್ನು ಹೆಣೆದು, ತೊಳೆದು, ಒಣಗಿಸಿ, ಆಮೇಲಷ್ಟೇ ಕುಣಿಕೆಗಳನ್ನು ಎಣಿಸಿದರು. 10 ಸೆಂಟಿಮೀಟರಿಗೆ 22 ಕುಣಿಕೆಗಳ ಬದಲು 20 ಬಂದರೆ, 100 ಸೆಂಟಿಮೀಟರ್ ಇರಬೇಕಾದ ಎದೆಯ ಸುತ್ತಳತೆ 110 ಆಗಿಬಿಡುತ್ತದೆ. ಕುತ್ತಿಗೆಯಿಂದ ಕೆಳಮುಖವಾಗಿ ಹೆಣೆದಿದ್ದರಿಂದ ನಡುವೆಯೇ ತೊಟ್ಟು ನೋಡಿ ತೋಳಿನ ಉದ್ದವನ್ನು ಸರಿಪಡಿಸಿಕೊಳ್ಳಲು ಸಾಧ್ಯವಾಯಿತು. ಕುತ್ತಿಗೆಪಟ್ಟಿ ತಮಗೇ ಒಪ್ಪಿಗೆಯಾಗದೆ ಅವರು ಅದನ್ನು ಎರಡು ಬಾರಿ ಬಿಚ್ಚಿ ಮತ್ತೆ ಹೆಣೆದರು. ಕೈಕೆಲಸದ ಮೇಲಿನ ಅಂಥ ಪ್ರೀತಿಯನ್ನು ನಾನು ಬೇರೆಡೆ ಕಂಡಿಲ್ಲ. ಕಂಕುಳಿನ ಬಳಿ ನೂಲು ತುಸು ಗಂಟುಗಟ್ಟಿದೆ, ಆಕಾರ ಮಾತ್ರ ಕೆಟ್ಟಿಲ್ಲ.